ಅತ್ತರೆ ನಂಬಿಕೆ ಕಡಿಮೆಯಾಗುತ್ತದಾ?

(ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರ ಪತ್ರದ ಸಾರ ಇದು: "ಯಜಮಾನರು ತೀರಿಹೋಗಿ ವರ್ಷವಾಗುತ್ತಾ ಬಂತು. ಉಡುಪಿ ಹತ್ತಿರದ ಮನೆಗೆ ಬೀಗ ಹಾಕಿ ಬೆಂಗಳೂರಿಗೆ, ಮಗಳ ಫ್ಲ್ಯಾಟಿಗೆ ಬಂದಿದ್ದೇನೆ. ಮಗಳು, ಅಳಿಯ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೂ ರಾತ್ರಿ ಅಳು ಬರುತ್ತದೆ. ಇಲ್ಲಿನ ಪ್ರಾರ್ಥನಾ ಕೂಟದಲ್ಲಿ ಒಬ್ಬರು, 'ಹೀಗೆ ಅಳುವುದು ಅಪನಂಬಿಕೆ. ಇನ್ನೊಂದು ವರ್ಷದಲ್ಲಿ ಎಲ್ಲ ಸರಿಹೋಗುತ್ತೆ ಅಂತ ದೇವರು ನನಗೆ ತೋರಿಸಿದ್ದಾನೆ' ಅಂದರು. ಫ್ರಿಜ್ ಮೇಲೆ ಬೈಬಲಿನ ವಾಕ್ಯ, ಯೆರೆಮೀಯ 29:11, ಅಂಟಿಸಿದ್ದಾರೆ. ಅದನ್ನು ಓದಿದರೆ ಸಮಾಧಾನ ಆಗುವ ಬದಲು ಸಿಟ್ಟು ಬರುತ್ತದೆ. ಮನೆ, ಮಲ್ಲಿಗೆ ತೋಟ ಮಾರಿಬಿಡಿ ಅಂತ ನೆಂಟರು ಹೇಳುತ್ತಿದ್ದಾರೆ. ದೇವರ ಚಿತ್ತ ಯಾವುದು ಅಂತ ಹೇಗೆ ತಿಳಿಯುವುದು?")

ಪ್ರಿಯ ಸಹೋದರಿ,

ಪ್ರಭುವಿನಲ್ಲಿ ವಂದನೆಗಳು. ಸಿಟ್ಟಿನ ವಿಷಯ ಬರೆದ ಸಾಲನ್ನು ನೀವು ಹೊಡೆದುಹಾಕಿ, ಆಮೇಲೆ ಪಕ್ಕದಲ್ಲಿ ಮತ್ತೆ ಬರೆದಿದ್ದೀರಿ. ಬರೆದದ್ದೇ ಒಳ್ಳೆಯದಾಯಿತು. ಪತ್ರದ ಮುಖ್ಯ ಮಾತು ಅದೇ.

ಮೊದಲು ಅಳುವಿನ ವಿಷಯ, ಅದು ಬೇಗ ಮುಗಿಯುತ್ತದೆ. ತೀರಿಹೋದ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತನು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಸಾವಿನಿಂದ ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತನು. ಅವನಿಗೆ ಅಪನಂಬಿಕೆ ಇತ್ತು ಎನ್ನುವ ಧೈರ್ಯ ಆ ಕೂಟದವರಿಗೆ ಇದೆಯೇ? ಕೀರ್ತನೆ 13 ತೆರೆದು ನೋಡಿ. ಮೊದಲ ಎರಡು ವಚನಗಳಲ್ಲೇ "ಎಲ್ಲಿಯವರೆಗೆ" ಎಂಬ ಕೇಳಿಕೆ ನಾಲ್ಕು ಸಲ ಬರುತ್ತದೆ. 88ನೆಯ ಕೀರ್ತನೆಯಂತೂ ಕತ್ತಲಲ್ಲೇ ಮುಗಿದುಹೋಗುತ್ತದೆ, ಕೊನೆಗೆ ಒಂದು ಹಲ್ಲೆಲೂಯ ಕೂಡ ಇಲ್ಲ. ಇವೂ ಪ್ರಾರ್ಥನೆಗಳೇ ಅಲ್ವಾ?

ಇನ್ನು ಫ್ರಿಜ್ ಮೇಲಿನ ವಾಕ್ಯ. ಅದರ ಮೇಲೆ ಸಿಟ್ಟು ಬಂದರೆ ತಪ್ಪು ನಿಮ್ಮದಲ್ಲ. ನಿಮಗೆ ಒಳ್ಳೆಯದನ್ನೇ ಎಣಿಸಿದ್ದೇನೆ, ಮುಂದಕ್ಕೆ ನಿರೀಕ್ಷೆ ಇದೆ ಎಂದು ದೇವರು ಹೇಳುವ ಆ ಮಾತನ್ನು ಒಂಟಿಯಾಗಿ ಕತ್ತರಿಸಿ ಅಂಟಿಸಿದರೆ ಯಾರಿಗಾದರೂ ಹಾಗೇ ಆಗುತ್ತದೆ. ಅದು ಒಂದು ಕಾಗದದ ಮಧ್ಯದ ಸಾಲು. ಊರು ಬಿಟ್ಟವರಿಗೆ ಬರೆದ ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ರಾಜನನ್ನು, ರಾಜನ ತಾಯಿಯನ್ನು, ಕಮ್ಮಾರರನ್ನು, ಕಸುಬುದಾರರನ್ನು ಎಲ್ಲ ಹಿಡಿದು ತನ್ನ ದೇಶಕ್ಕೆ ಸಾಗಿಸಿದ. ಹಿಂದೆ ಉಳಿದ ಪ್ರವಾದಿ ಯೆರೆಮೀಯ ಅವರಿಗೆ ಕಾಗದ ಬರೆದು ಕಳಿಸಿದ.

ಅದರಲ್ಲಿ ಏನಿತ್ತು? ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರಲ್ಲಿ ಬೆಳೆದದ್ದನ್ನು ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನೀವಿರುವ ಆ ಪಟ್ಟಣಕ್ಕಾಗಿಯೇ ಪ್ರಾರ್ಥನೆ ಮಾಡಿ. ಶತ್ರುವಿನ ಪಟ್ಟಣಕ್ಕಾಗಿ! ಇದನ್ನೆಲ್ಲ ಹೇಳಿದ ಮೇಲೆ ಹತ್ತನೆಯ ವಚನದಲ್ಲಿ, ಎಪ್ಪತ್ತು ವರ್ಷ ಆದ ಮೇಲೆ ನಿಮ್ಮನ್ನು ವಾಪಸು ಕರೆತರುತ್ತೇನೆ ಎಂಬ ಮಾತು ಬರುತ್ತದೆ. ಅದಾದ ಮೇಲೆಯೇ ಫ್ರಿಜ್ ಮೇಲಿನ ವಾಕ್ಯ. ಎಪ್ಪತ್ತು ವರ್ಷ ಅಂದರೆ, ಕಾಗದ ಓದಿದ ದೊಡ್ಡವರಲ್ಲಿ ಹೆಚ್ಚಿನವರು ಊರಿನ ಮುಖ ನೋಡದೆ ಅಲ್ಲೇ ಮಣ್ಣಾಗುತ್ತಾರೆ ಅಂತಲೇ ಅರ್ಥ. ಸೂರ್ಯೋದಯದ ಚಿತ್ರ ಹಾಕಿ ಹನ್ನೊಂದನೆಯ ವಚನ ಅಚ್ಚು ಹಾಕುವವರು ಹತ್ತನೆಯದನ್ನು ಯಾಕೆ ಬಿಡುತ್ತಾರೋ, ನನಗಂತೂ ಗೊತ್ತಾಗುವುದಿಲ್ಲ.

ನಿಮ್ಮ ಕೂಟದ ಆ ವ್ಯಕ್ತಿಯಂಥವರು ಆಗಲೂ ಇದ್ದರು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಎಲ್ಲರೂ ವಾಪಸು ಬರುತ್ತಾರೆ ಅಂತ ದೇವಾಲಯದಲ್ಲಿ ಎಲ್ಲರ ಮುಂದೆ ಸಾರುತ್ತಾನೆ. ಬಾಬೆಲಿಗೆ ತಲೆಬಾಗಬೇಕು ಎಂಬುದರ ಗುರುತಾಗಿ ಯೆರೆಮೀಯನ ಕುತ್ತಿಗೆಯಲ್ಲಿದ್ದ ನೊಗವನ್ನೂ ಮುರಿದು ಹಾಕುತ್ತಾನೆ. ಯೆರೆಮೀಯ ಮೊದಲು ಹೇಳಿದ್ದು "ಆಮೆನ್, ಹಾಗೇ ಆಗಲಿ" ಅಂತ. ಅವನಿಗೂ ಅದೇ ಬೇಕಿತ್ತಲ್ಲ. ಆದರೆ ದೇವರು ಹೇಳದ್ದನ್ನು ಹೇಳಿ ಜನರನ್ನು ಸುಳ್ಳಿಗೆ ನಂಬಿಸಿದ್ದಕ್ಕೆ ಹನನ್ಯನಿಗೆ ಆದ ಗತಿಯನ್ನು ನೀವೇ ಓದಿಕೊಳ್ಳಿ. ಒಂದು ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ನಾನು ನಿಮಗೆ ಬರೆಯುವುದಿಲ್ಲ. ಆ ಕೂಟದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ನೀವು ಅದನ್ನು ನಂಬಲೇಬೇಕು ಅಂತೇನಿಲ್ಲ.

ನನಗೆ ಬಹಳ ಇಷ್ಟವಾದದ್ದು 32ನೆಯ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತುವರಿದಿದೆ. ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಬಂದಿ. ಅಲ್ಲಿಗೆ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಎನ್ನುತ್ತಾನೆ. ಇಂಥ ಸಮಯದಲ್ಲಿ ಗೋಡೆಯಾಚೆಯ ಹೊಲಕ್ಕೆ ಯಾರು ದುಡ್ಡು ಕೊಡುತ್ತಾರೆ? ಯೆರೆಮೀಯ ಕೊಟ್ಟ. 17 ಶೆಕೆಲ್ ಬೆಳ್ಳಿ, ನಮ್ಮ ಲೆಕ್ಕದಲ್ಲಿ ಸುಮಾರು 200 ಗ್ರಾಂ. ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರ ಬರೆಸಿ, ಸಾಕ್ಷಿಗಳ ರುಜು ಹಾಕಿಸಿ, ಮುದ್ರೆ ಹಾಕಿದ್ದೊಂದು, ತೆರೆದದ್ದೊಂದು, ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹಳ ಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿ ಇಡು ಎಂದ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ವ್ಯಾಪಾರ ನಡೆಯುತ್ತದೆ ಎಂದು ದೇವರು ಹೇಳಿದ್ದನಲ್ಲ, ಅದಕ್ಕೆ.

ಗಮನಿಸಬೇಕಾದ್ದು ಅದರ ಮುಂದಿನದು. ಕಾಗದಪತ್ರ ಎಲ್ಲ ಮುಗಿದ ಮೇಲೆ ಯೆರೆಮೀಯ ಪ್ರಾರ್ಥನೆಗೆ ಕೂರುತ್ತಾನೆ. ಅಲ್ಲಿ ಹೊರಗೆ ಬರುತ್ತದೆ ಅವನ ಮನಸ್ಸು: ಸ್ವಾಮೀ, ಮುತ್ತಿಗೆಯ ದಿಬ್ಬಗಳು ಗೋಡೆಗೆ ತಾಗಿವೆ, ಪಟ್ಟಣ ಅವರ ಕೈಗೆ ಹೋಗಿಯೇಬಿಟ್ಟಿತು, ನೀನು ನೋಡಿದರೆ ಹೊಲ ಕೊಂಡುಕೋ ಅಂತೀಯಲ್ಲ! ರುಜು ಹಾಕುವಾಗ ಅವನಿಗೆ ಧೈರ್ಯ ತುಂಬಿ ತುಳುಕುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಹೇಳಿದ ಕೆಲಸ ಮಾಡಿದ, ದಿಗಿಲನ್ನು ತೆಗೆದುಕೊಂಡು ಹೋಗಿ ದೇವರ ಮುಂದೆ ಸುರಿದ. ದೇವರು ಬೈಯಲಿಲ್ಲ, ಉತ್ತರ ಕೊಟ್ಟ. ನಿಮ್ಮ ಸಿಟ್ಟನ್ನೂ ಅಲ್ಲಿಗೇ ತೆಗೆದುಕೊಂಡು ಹೋಗಿ. ಯೆರೆಮೀಯ ಆ ಹೊಲದಲ್ಲಿ ಉತ್ತು ಬಿತ್ತಿದ ಎಂದು ಎಲ್ಲೂ ಬರೆದಿಲ್ಲ. ಕೊನೆಗೆ ಅವನನ್ನು ಐಗುಪ್ತಕ್ಕೆ ಎಳೆದುಕೊಂಡು ಹೋದರು.

ಇದನ್ನು ಓದಿ "ಮನೆ ಮಾರಬೇಡ ಅಂತ ದೇವರೇ ಹೇಳಿದ" ಎಂದು ದಯವಿಟ್ಟು ತೀರ್ಮಾನ ಮಾಡಬೇಡಿ. ಅವನಿಗೆ ಬಂದ ಅಪ್ಪಣೆ ಅವನಿಗೆ. ಮಾರಿದರೂ ನಂಬಿಕೆ ಕಡಿಮೆ ಅಂತ ಆಗುವುದಿಲ್ಲ, ಇಟ್ಟುಕೊಂಡರೂ ಜಾಸ್ತಿ ಅಂತ ಆಗುವುದಿಲ್ಲ. ಆದರೆ ಈಗಲೇ ಯಾವುದಕ್ಕೂ ಸಹಿ ಹಾಕಬೇಡಿ. ದುಃಖ ಹಸಿಯಾಗಿರುವಾಗ ನೆಂಟರ ಅವಸರಕ್ಕೆ ಮಣಿದು ಮಾರಿ, ಆಮೇಲೆ ಕೊರಗುವವರ ಪತ್ರಗಳು ಈ ಮೇಜಿಗೆ ಬರುತ್ತಲೇ ಇರುತ್ತವೆ. ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ. ಪಹಣಿಯಲ್ಲಿ ಯಜಮಾನರ ಹೆಸರಿನ ಜಾಗದಲ್ಲಿ ನಿಮ್ಮ ಮತ್ತು ಮಕ್ಕಳ ಹೆಸರು ಬರಲಿ. ಬ್ಯಾಂಕಿನಲ್ಲಿ ನಾಮಿನಿ ಯಾರು ಅಂತ ನೋಡಿಸಿ. ಮಲ್ಲಿಗೆ ಗಿಡಗಳನ್ನು ನೋಡಿಕೊಳ್ಳಲು ಪಕ್ಕದ ಮನೆಯವರು ಕೇಳಿದ್ದಾರೆ ಎಂದಿದ್ದೀರಲ್ಲ, ಒಪ್ಪಿಕೊಳ್ಳಿ. ಮೊಗ್ಗು ಕೊಯ್ಯದೆ ಬಿಟ್ಟ ಗಿಡ ನೋಡಿ ಇನ್ನಷ್ಟು ಹೊಟ್ಟೆ ಉರಿಯುವುದು ಬೇಡ. ಪ್ರಾರ್ಥನೆ ಮಾಡಿಕೊಂಡೇ ತಾಲೂಕು ಕಚೇರಿಗೂ ಹೋಗಬಹುದು.

ನಿಮ್ಮ ಅಜ್ಜ ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿದ್ದರು ಎಂದು ಬರೆದಿದ್ದೀರಿ. ಆ ಕಸುಬನ್ನು ಕರಾವಳಿಗೆ ತಂದ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆಗ ದೀಕ್ಷಾಸ್ನಾನ ಪಡೆದವರಿಗೆ ಮನೆ, ಕುಲಕಸುಬು, ನೆಂಟರು ಎಲ್ಲ ಒಟ್ಟಿಗೇ ತಪ್ಪಿಹೋಗುತ್ತಿತ್ತು. ಹೊಟ್ಟೆಪಾಡಿಗೆ ದಾರಿ ಆಗಲಿ ಅಂತಲೇ ನೇಯ್ಗೆ ಶುರುವಾಯಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಬಂತು. 1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಹೋಗಬೇಕಾಯಿತು, ಕಾರ್ಖಾನೆಗಳು ಬೇರೆಯವರ ಕೈ ಸೇರಿದವು. ಊರಿನ ಸಭೆಗಳಲ್ಲಿ ಭಾನುವಾರದ ಆರಾಧನೆ ನಿಲ್ಲಲಿಲ್ಲ. ನಿಮ್ಮ ಮನೆತನಕ್ಕೆ ಬದಲಾವಣೆ ಹೊಸದೇನಲ್ಲ.

ಇನ್ನು ಭಾನುವಾರ. ಮಗಳ ಮನೆಯವರು ಹೋಗುವ ಇಂಗ್ಲಿಷ್ ಆರಾಧನೆಯಲ್ಲಿ ಒಂದು ಹಾಡೂ ಬಾಯಿಗೆ ಬರುವುದಿಲ್ಲ, ಸುಮ್ನೆ ನಿಂತಿರುತ್ತೇನೆ ಎಂದಿದ್ದೀರಿ. ಹಾಗೆ ನಿಲ್ಲಬೇಕಾಗಿಲ್ಲ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿನಲ್ಲಿ ಕನ್ನಡ ಆರಾಧನೆ ಇದೆ. ಊರಿನ ಸಭಾಪಾಲಕರಿಗೆ ಫೋನ್ ಮಾಡಿ ಸದಸ್ಯತ್ವದ ಪತ್ರ ತರಿಸಿಕೊಳ್ಳಿ. ಅಲ್ಲಿ ಹೆಂಗಸರ ಕೂಟ ಯಾವಾಗ ಸೇರುತ್ತದೆ ಅಂತ ವಿಚಾರಿಸಿ. ಯಾವುದಾದರೂ ಒಂದು ಕೆಲಸ ಕೇಳಿ ವಹಿಸಿಕೊಳ್ಳಿ, ಹೂ ಕಟ್ಟುವುದಾದರೂ ಸರಿ, ಬೆಂಗಳೂರಿನಲ್ಲಿ ಬಾಳೆನಾರು ಸಿಗುವುದೇ ಕಷ್ಟ ಅನ್ನುವುದು ಬೇರೆ ಮಾತು. ಅಳಿಯನಿಗೆ ತೊಂದರೆ ಕೊಡಲು ಸಂಕೋಚವಾದರೆ ಬಸ್ಸು ಹತ್ತಿ. ಕಾರ್ಪೊರೇಷನ್ ಅಂದರೆ ಕಂಡಕ್ಟರೇ ಇಳಿಸುತ್ತಾರೆ, ಹೆಂಗಸರಿಗೆ ಟಿಕೆಟಿನ ದುಡ್ಡೂ ಇಲ್ಲ. ಆಧಾರ್ ಕಾರ್ಡ್ ಮಾತ್ರ ಮರೆಯಬೇಡಿ.

– ಸಂಪಾದಕ