ಗ್ಯಾಲರಿಯವರು ದುಡ್ಡು ಕೇಳಿದರೆ ಕೊಡಬೇಕಾ?

ನೀವು ಮಂಜೇಶ್ವರದವರು, ತಂಗಿಯ ಹತ್ತು ಚಿತ್ರ ಪ್ರದರ್ಶನಕ್ಕಿಡಲು ದೂರದ ಒಂದು ಗ್ಯಾಲರಿ 30 ಸಾವಿರ ಕೇಳಿದೆ, ಇದು ಸರಿಯಾ ಅಂತ ಕೇಳಿದ್ದೀರಿ. ನಾನು ಕುಂಬಳೆಯವನು, ಇಪ್ಪತ್ತು ವರ್ಷದಿಂದ ಚಿತ್ರ ಬರೆಯುತ್ತಿದ್ದೇನೆ. ಮೊದಲು ಒಂದೇ ವಿಷಯ ನೋಡಿ. ಆ ಗ್ಯಾಲರಿಯ ಹೊಟ್ಟೆ ತುಂಬುವುದು ಯಾರಿಂದ? ಚಿತ್ರ ಕೊಳ್ಳುವವರಿಂದಲಾ, ಬರೆದವರಿಂದಲಾ?

ದುಡ್ಡು ಕೇಳಿದ ಮಾತ್ರಕ್ಕೆ ಮೋಸ ಅಂತಲ್ಲ. ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಿಂದ ಇದೆ, ಅಲ್ಲೂ ಕಲಾವಿದರೇ ಬಾಡಿಗೆ ಕಟ್ಟುತ್ತಾರೆ. ಆದರೆ ದುಡ್ಡಿದ್ದರೆ ಸಾಲದು. ಅರ್ಜಿ ಹಾಕಿ ಆಯ್ಕೆಯಾಗಬೇಕು, ಆಮೇಲೆ ವರ್ಷಗಟ್ಟಲೆ ಕಾಯಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೂ ಹಾಲ್ ಬಾಡಿಗೆಗೆ ಸಿಗುತ್ತದೆ. ಇಂಥ ಕಡೆ ಗೋಡೆ ಮಾತ್ರ ಅವರದು. ಕಾರ್ಡು ಹಂಚುವುದು, ಬಂದವರನ್ನು ಮಾತಾಡಿಸುವುದು ಎಲ್ಲ ನಮ್ಮ ತಲೆಗೆ. ನಿಮ್ಮನ್ನು ದುಡ್ಡು ಕೇಳಿದ ಗ್ಯಾಲರಿಯವರು ತಂಗಿಯ ಚಿತ್ರ ಸರಿಯಾಗಿ ನೋಡದೆಯೇ ಒಪ್ಪಿದರು ಅಂದಿರಲ್ಲ, ನನಗೆ ಅನುಮಾನ ಬಂದದ್ದು ಅಲ್ಲೇ.

ಮಾರಿಕೊಟ್ಟು ಕಮಿಷನ್ ತೆಗೆಯುವವರು ಬೇರೆ. ಮೂರನೇ ಒಂದು ಪಾಲಿನಿಂದ ಅರ್ಧದವರೆಗೂ ಹಿಡಿದುಕೊಳ್ಳುತ್ತಾರೆ. ಜಾಸ್ತಿ ಆಯ್ತು ಅನಿಸುತ್ತದೆ, ಅಲ್ವಾ? ಆದರೆ ಮಾರಿದರೆ ಮಾತ್ರ ಅವರಿಗೂ ಕಾಸು, ಹಾಗಾಗಿ ಗಿರಾಕಿ ಹುಡುಕುತ್ತಾರೆ. ಕೆಲವರು ನೀವು ಮನೆಯಿಂದಲೂ ಮಾರಬಾರದು ಅಂತ ಕರಾರು ಹಾಕುತ್ತಾರೆ. ಎಷ್ಟು ವರ್ಷಕ್ಕೆ ಅಂತ ಓದಿಯೇ ಸಹಿ ಹಾಕಿ.

ನಾನು ಕೈಸುಟ್ಟುಕೊಂಡದ್ದು ಇಂಥ ಕಡೆಯೇ. ಒಂದು ಗ್ಯಾಲರಿಗೆ ಬರೀ ಬಾಯಿಮಾತಿನ ಮೇಲೆ ಐದು ಚಿತ್ರ ಕೊಟ್ಟೆ. ಎರಡು ಮಳೆಗಾಲ ಕಳೆದು ನಾಲ್ಕು ವಾಪಸ್ ಬಂದವು. ಒಂದರ ಹಿಂಬದಿ ಪೂರ್ತಿ ಬೂಷ್ಟು, ಚೌಕಟ್ಟಿನ ಮೂಲೆ ಬಾಯಿ ಬಿಟ್ಟಿತ್ತು. ಐದನೆಯದನ್ನು ನೀವು ಕೊಟ್ಟೇ ಇಲ್ಲ ಅಂದರು. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಈಗ ಕೊಡುವಾಗಲೇ ಪಟ್ಟಿ ಮಾಡಿ ಸಹಿ ಹಾಕಿಸುತ್ತೇನೆ: ಚಿತ್ರದ ಹೆಸರು, ಅಳತೆ, ಬೆಲೆ, ಅವರ ಪಾಲು, ವಾಪಸ್ ಕೊಡುವ ತಾರೀಕು, ಸಾಗಿಸುವ ಖರ್ಚು ಯಾರದು. ಹಿಂದೆ ಮುಂದೆ ಮೊಬೈಲಲ್ಲಿ ಫೋಟೊ ಕೂಡ.

ಇನ್ನೊಂದು, ಚಿತ್ರ ಮಾರಿದ ಕೂಡಲೇ ಕಾಪಿರೈಟ್, ಅಂದರೆ ಅದರ ನಕಲು ಮಾಡಿ ಅಚ್ಚು ಹಾಕುವಂಥ ಹಕ್ಕು, ಕೊಂಡವರಿಗೆ ಹೋಗುವುದಿಲ್ಲ. ಹಕ್ಕು ಕೊಟ್ಟೆ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿದರೆ ಮಾತ್ರ ಹೋಗುತ್ತದೆ. ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರಕ್ಕೆ ಲೆಕ್ಕ ಬೇರೆ. ಬೇರೆ ಕರಾರು ಇಲ್ಲದಿದ್ದರೆ ಅದರ ಹಕ್ಕು ಬರೆಸಿದವರದು.

ಆ 30 ಸಾವಿರ ಈಗಲೇ ಕಟ್ಟಬೇಡಿ. ಅಲ್ಲಿ ಈಚೆಗೆ ಪ್ರದರ್ಶನ ಮಾಡಿದ ಇಬ್ಬರ ನಂಬರ್ ಕೇಳಿ, ಎಷ್ಟು ಚಿತ್ರ ಹೋದವು ಅಂತ ಅವರನ್ನೇ ವಿಚಾರಿಸಿ. ನಂಬರ್ ಕೊಡಲು ಮೀನಮೇಷ ಎಣಿಸಿದರೆ ಬಿಟ್ಟುಬಿಡಿ. ನಮ್ಮ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲೇ ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಇದೆ, ತಂಗಿಯನ್ನು ಕರಕೊಂಡು ಹೋಗಿ ಕೇಳಿ ನೋಡಿ. ಮಲಯಾಳ ಬಾರದಿದ್ದರೆ ನಮ್ಮ ಕಡೆ ಯಾರಾದರೊಬ್ಬ ನೆಂಟರಿಗೆ ಬಂದೇ ಬರುತ್ತದೆ ಬಿಡಿ.