ಹಳೆಯ ಡೇಟಾಬೇಸ್, ಹೊಸ ಸರ್ವರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸಂಸ್ಥೆಯ ಲೆಕ್ಕಪತ್ರ ಮತ್ತು ದಾಸ್ತಾನಿನ ತಂತ್ರಾಂಶವನ್ನು ವಿಷುಯಲ್ ಬೇಸಿಕ್ 6ರಲ್ಲಿ ಬರೆಯಲಾಗಿದೆ. ಅದರ ದತ್ತಾಂಶವೆಲ್ಲ ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್ 2000ದಲ್ಲಿದೆ. ಹೊಸ ಯಂತ್ರದಲ್ಲಿ ಎಸ್‌ಕ್ಯೂಎಲ್ ಸರ್ವರ್ 2019 ಹಾಕಿದ್ದೇವೆ. ಹಳೆಯ ಬ್ಯಾಕಪ್ ಫೈಲನ್ನು ಅಲ್ಲಿ ರಿಸ್ಟೋರ್ ಮಾಡಲು (ಮರಳಿ ಡೇಟಾಬೇಸ್ ಆಗಿ ತೆರೆಯಲು) ಹೋದರೆ ಆವೃತ್ತಿ ಹೊಂದುವುದಿಲ್ಲವೆಂದು ನಿರಾಕರಿಸುತ್ತದೆ. ಫೈಲ್ ಕೆಟ್ಟಿದೆಯೇ?

ಉತ್ತರ: ಫೈಲ್ ಕೆಟ್ಟಿಲ್ಲ. 2000ದ ಬ್ಯಾಕಪ್ಪನ್ನು 2005, 2008 ಮತ್ತು 2008 ಆರ್2 ಆವೃತ್ತಿಗಳು ಮಾತ್ರ ಓದಬಲ್ಲವು. 2012ರಿಂದೀಚೆಗಿನ ಯಾವ ಆವೃತ್ತಿಯೂ ಅದನ್ನು ಒಪ್ಪುವುದಿಲ್ಲ. ಹಾಗಾಗಿ ನಡುವೆ ಒಂದು ತಂಗುದಾಣ ಬೇಕು. ಹಳೆಯ ವಿಂಡೋಸ್ ಇರುವ ಒಂದು ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಸೃಷ್ಟಿಸಿದ ಕಂಪ್ಯೂಟರ್) 2008 ಆರ್2 ಸ್ಥಾಪಿಸಿ, ಅಲ್ಲಿ ರಿಸ್ಟೋರ್ ಮಾಡಿ, ಅಲ್ಲಿಂದ ಮತ್ತೆ ಬ್ಯಾಕಪ್ ತೆಗೆದು 2019ಕ್ಕೆ ಒಯ್ಯಬೇಕು. ಡೇಟಾಬೇಸ್ 10 ಜಿಬಿ ಮೀರದಿದ್ದರೆ 2008 ಆರ್2ರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯೇ ಈ ಕೆಲಸಕ್ಕೆ ಸಾಕು.

ಹೆಚ್ಚಿನವರು ಈ ತಂಗುದಾಣವನ್ನು ಹತ್ತು ನಿಮಿಷದ ಕೆಲಸವೆಂದು ಭಾವಿಸಿ ದಾಟಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ವರ್ಗಾವಣೆಯ ನಿಜವಾದ ಕೆಲಸ ನಡೆಯಬೇಕಾದದ್ದು ಇಲ್ಲಿಯೇ. 2000ದಿಂದ ಬಂದ ಡೇಟಾಬೇಸ್ 2008 ಆರ್2ರಲ್ಲಿ ಕಂಪ್ಯಾಟಿಬಿಲಿಟಿ ಲೆವೆಲ್ 80ರಲ್ಲಿಯೇ ಉಳಿಯುತ್ತದೆ, ಅಂದರೆ ಅನೇಕ ವಿಷಯಗಳಲ್ಲಿ ತಾನಿನ್ನೂ 2000ದಲ್ಲಿಯೇ ಇರುವಂತೆ ವರ್ತಿಸುತ್ತದೆ. ಅದನ್ನು 2008ರ ಲೆವೆಲ್ ಆದ 100ಕ್ಕೆ ಏರಿಸಿ ನೋಡಬಹುದು, ತೊಂದರೆಯಾದರೆ ಮತ್ತೆ 80ಕ್ಕೆ ಇಳಿಸಬಹುದು. 2019ಕ್ಕೆ ಹೋದ ಮೇಲೆ ಈ ಅನುಕೂಲ ಇರುವುದಿಲ್ಲ. ಅಲ್ಲಿ ಕನಿಷ್ಠ ಲೆವೆಲ್ಲೇ 100 ಆಗಿರುವುದರಿಂದ, 80ರಲ್ಲಿದ್ದ ಡೇಟಾಬೇಸನ್ನು ಸರ್ವರ್ ತಾನಾಗಿಯೇ 100ಕ್ಕೆ ಏರಿಸಿಬಿಡುತ್ತದೆ, ಮತ್ತು ಮುರಿಯಬೇಕಾದ ಕ್ವೆರಿಗಳೆಲ್ಲ (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳು) ಬಳಕೆದಾರರ ಕಣ್ಣೆದುರಿನಲ್ಲಿಯೇ ಮುರಿಯುತ್ತವೆ.

ಏನು ಮುರಿಯುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಆ ಕಾಲದ ಪ್ರೋಗ್ರಾಮರ್‌ಗಳು ಔಟರ್ ಜಾಯಿನ್ (ಒಂದು ಟೇಬಲ್ಲಿನ ಸಾಲಿಗೆ ಇನ್ನೊಂದರಲ್ಲಿ ಜೋಡಿ ಇಲ್ಲದಿದ್ದರೂ ಅದನ್ನು ಉಳಿಸಿಕೊಳ್ಳುವ ಜೋಡಣೆ) ಬೇಕಾದಾಗ ಕ್ವೆರಿಯ ಷರತ್ತುಗಳಿರುವ ವೇರ್ ಭಾಗದಲ್ಲಿ *= ಚಿಹ್ನೆಯನ್ನು ಬಳಸುತ್ತಿದ್ದರು. 2005ರ ಲೆವೆಲ್ ಆದ 90ರಿಂದ ಮೇಲೆ ಇದಕ್ಕೆ ಅವಕಾಶವಿಲ್ಲ. ಅದನ್ನು ಲೆಫ್ಟ್ ಔಟರ್ ಜಾಯಿನ್ ಎಂದು ತಿದ್ದುವುದು ಸುಲಭವೇ. ಆದರೆ ಬಲಗಡೆಯ ಟೇಬಲ್ಲಿಗೆ ಸಂಬಂಧಿಸಿದ ಷರತ್ತೊಂದು, ಉದಾಹರಣೆಗೆ ರಸೀದಿಯ ಬಗೆ ನಗದು ಆಗಿರಬೇಕೆಂಬುದು, ಅದೇ ವೇರ್ ಭಾಗದಲ್ಲಿ ಇದ್ದರೆ ಅದನ್ನು ಜೋಡಣೆಯ ಷರತ್ತಿರುವ ಆನ್ ಭಾಗಕ್ಕೆ ಒಯ್ಯಬೇಕಾಗುತ್ತದೆ. ಅಲ್ಲಿಯೇ ಬಿಟ್ಟರೆ ರಸೀದಿಯೇ ಇಲ್ಲದ ಬಿಲ್ಲುಗಳು ವರದಿಯಿಂದ ಸದ್ದಿಲ್ಲದೆ ಮಾಯವಾಗುತ್ತವೆ, ಯಾವ ದೋಷಸಂದೇಶವೂ ಬರುವುದಿಲ್ಲ. ಆದ್ದರಿಂದ ತಿದ್ದಿದ ಪ್ರತಿಯೊಂದು ಕ್ವೆರಿಯನ್ನೂ ಹಳೆಯ ರೂಪದ ಜೊತೆ ಪಕ್ಕಪಕ್ಕದಲ್ಲಿ ಓಡಿಸಿ ಸಾಲುಗಳ ಸಂಖ್ಯೆಯನ್ನೂ ಮೊತ್ತವನ್ನೂ ತಾಳೆ ನೋಡಬೇಕು.

ಸ್ಟೋರ್ಡ್ ಪ್ರೊಸೀಜರ್‌ಗಳಲ್ಲಿ (ಡೇಟಾಬೇಸಿನಲ್ಲಿಯೇ ಉಳಿಸಿಟ್ಟ ಪ್ರೋಗ್ರಾಮುಗಳು) ಇರುವ ಇಂಥ ಕ್ವೆರಿಗಳನ್ನು ಹುಡುಕಿ ತೆಗೆಯಬಹುದು. ವಿಷುಯಲ್ ಬೇಸಿಕ್ ಪ್ರೋಗ್ರಾಮಿನ ಹೊಟ್ಟೆಯೊಳಗೆ ಅಕ್ಷರಮಾಲೆಯಾಗಿ ಕುಳಿತಿರುವವು ಡೇಟಾಬೇಸಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅವುಗಳಿಗಾಗಿ 2008 ಆರ್2ರ ಎದುರು ತಂತ್ರಾಂಶವನ್ನು ಓಡಿಸಿ, ಸರ್ವರ್‌ಗೆ ಬರುವ ಆಜ್ಞೆಗಳನ್ನು ದಾಖಲಿಸುವ ಪ್ರೊಫೈಲರ್‌ನಲ್ಲಿ ಡೆಪ್ರಿಕೇಶನ್ ಘಟನೆಗಳನ್ನು (ಕೈಬಿಡಲಿರುವ ಸೌಲಭ್ಯಗಳ ಬಳಕೆ) ಆರಿಸಿಕೊಂಡು ಟ್ರೇಸ್ (ದಾಖಲೆ) ಹಿಡಿಯಬೇಕು. ತಿಂಗಳ ಕೊನೆಯ ಮತ್ತು ವರ್ಷಾಂತ್ಯದ ವರದಿಗಳನ್ನೂ ಮರೆಯದೆ ಓಡಿಸಬೇಕು. ವರ್ಷಕ್ಕೊಮ್ಮೆ ಮಾತ್ರ ಬಳಕೆಯಾಗುವ ಪರದೆಗಳಲ್ಲಿಯೇ ಅತಿ ಹಳೆಯ ಕೋಡ್ ಅಡಗಿರುತ್ತದೆ.

ಇನ್ನೊಂದು ಮಾತು. ಹಳೆಯ ಸರ್ವರ್‌ನಲ್ಲಿ ಕೊನೆಯ ಬ್ಯಾಕಪ್ ತೆಗೆಯುವ ಮೊದಲು ಡೇಟಾಬೇಸಿನ ಸುಸ್ಥಿತಿ ಪರೀಕ್ಷಿಸುವ ಚೆಕ್‌ಡಿಬಿ ಆಜ್ಞೆ ಓಡಿಸುವುದನ್ನು ಎಲ್ಲರೂ ಬಲ್ಲರು. ಹೊಸ ಸರ್ವರ್‌ನಲ್ಲಿ ರಿಸ್ಟೋರ್ ಆದ ಮೇಲೆ ಅದನ್ನೇ ಡೇಟಾ ಪ್ಯೂರಿಟಿ ಆಯ್ಕೆಯೊಂದಿಗೆ ಓಡಿಸಬೇಕೆಂಬುದು ಅನೇಕರಿಗೆ ತಿಳಿದಿಲ್ಲ. 2005ಕ್ಕಿಂತ ಹಿಂದಿನ ಡೇಟಾಬೇಸುಗಳಲ್ಲಿ ಅಸಾಧ್ಯವಾದ ದಿನಾಂಕಗಳೂ ಮಿತಿ ಮೀರಿದ ದಶಮಾಂಶಗಳೂ ಸೇರಿಕೊಂಡಿರಬಹುದು, ಮತ್ತು ಈ ಪರೀಕ್ಷೆ ಒಮ್ಮೆ ದೋಷವಿಲ್ಲದೆ ಮುಗಿಯುವವರೆಗೂ ಸಾಮಾನ್ಯ ಚೆಕ್‌ಡಿಬಿ ಅವುಗಳತ್ತ ನೋಡುವುದೇ ಇಲ್ಲ. ಸಿಕ್ಕ ದೋಷಗಳನ್ನು ರಿಪೇರಿ ಆಯ್ಕೆ ಸರಿಪಡಿಸದು. ಸರಿಯಾದ ಮೌಲ್ಯ ಯಾವುದೆಂದು ಕಾಗದಪತ್ರ ನೋಡಿ ಕೈಯಾರೆ ತುಂಬಬೇಕಾಗುತ್ತದೆ.

ಪ್ರಶ್ನೆ: ಡೇಟಾಬೇಸ್ ಹೊಸ ಸರ್ವರ್‌ಗೆ ಬಂದಿದೆ, ಸರ್ವರ್ ನಿರ್ವಹಣೆಯ ತಂತ್ರಾಂಶವಾದ ಮ್ಯಾನೇಜ್‌ಮೆಂಟ್ ಸ್ಟುಡಿಯೋದಿಂದ ತೆರೆಯುತ್ತದೆ. ಹಳೆಯ ತಂತ್ರಾಂಶದಿಂದ ಮಾತ್ರ ‘ಎಸ್‌ಎಸ್‌ಎಲ್ ಸೆಕ್ಯುರಿಟಿ ಎರರ್’ ಎಂದು ಬರುತ್ತದೆ. ನಾವು ಎನ್‌ಕ್ರಿಪ್ಶನ್ ಬಳಸುತ್ತಲೇ ಇಲ್ಲ. ತಂತ್ರಾಂಶದ ಮೂಲ ಕೋಡ್ ನಮ್ಮ ಬಳಿ ಇಲ್ಲ.

ಉತ್ತರ: ನೀವು ಬಳಸದಿದ್ದರೂ ಲಾಗಿನ್ ಹಂತದಲ್ಲಿ ಹೆಸರು ಮತ್ತು ಪಾಸ್‌ವರ್ಡ್ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತವೆ, ಅದಕ್ಕಾಗಿ ಕ್ಲೈಂಟ್ ಮತ್ತು ಸರ್ವರ್ ಎರಡೂ ಎನ್‌ಕ್ರಿಪ್ಶನ್ ನಿಯಮಾವಳಿಯಾದ ಟಿಎಲ್‌ಎಸ್‌ನ (ಎಸ್‌ಎಸ್‌ಎಲ್‌ನ ಉತ್ತರಾಧಿಕಾರಿ) ಒಂದು ಆವೃತ್ತಿಯನ್ನು ಒಪ್ಪಿಕೊಳ್ಳಬೇಕು. ನಿಮ್ಮ ಹೊಸ ಸರ್ವರ್‌ನಲ್ಲಿ ಭದ್ರತೆಯ ದೃಷ್ಟಿಯಿಂದ ಟಿಎಲ್‌ಎಸ್ 1.0 ಮತ್ತು 1.1ನ್ನು ಮುಚ್ಚಿರಬೇಕು. ಹಳೆಯ ತಂತ್ರಾಂಶಗಳು ಬಳಸುವ ಎಸ್‌ಕ್ಯೂಎಲ್‌ಒಎಲ್‌ಇಡಿಬಿ ಪ್ರೊವೈಡರ್‌ಗೆ (ಸರ್ವರ್‌ಗೆ ಸಂಪರ್ಕ ಕಲ್ಪಿಸುವ ಘಟಕ) ಟಿಎಲ್‌ಎಸ್ 1.2 ಬಾರದು. ಇಬ್ಬರಿಗೂ ಗೊತ್ತಿರುವ ಭಾಷೆಯೇ ಇಲ್ಲದಂತಾಗಿದೆ.

ಮೂಲ ಕೋಡ್ ಇಲ್ಲವೆಂದು ಕೂಡಲೇ ನಿರಾಶರಾಗಬೇಡಿ. ಕನೆಕ್ಷನ್ ಸ್ಟ್ರಿಂಗ್ (ಯಾವ ಸರ್ವರನ್ನು ಹೇಗೆ ಸಂಪರ್ಕಿಸಬೇಕೆಂದು ತಿಳಿಸುವ ಸಾಲು) ಎಲ್ಲಿದೆ ಎಂಬುದನ್ನು ಮೊದಲು ಪತ್ತೆ ಮಾಡಿ. ಐಎನ್‌ಐ ಫೈಲ್, ಯುಡಿಎಲ್ ಫೈಲ್, ರಿಜಿಸ್ಟ್ರಿ ಇವುಗಳಲ್ಲಿ ಎಲ್ಲಿದ್ದರೂ, 2018ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಎಂಎಸ್‌ಒಎಲ್‌ಇಡಿಬಿಎಸ್‌ಕ್ಯೂಎಲ್ ಪ್ರೊವೈಡರನ್ನು ಸ್ಥಾಪಿಸಿ, ಸ್ಟ್ರಿಂಗ್‌ನಲ್ಲಿ ಪ್ರೊವೈಡರ್ ಹೆಸರನ್ನು ಬದಲಾಯಿಸಿದರೆ ಕೆಲಸ ಬಹುಪಾಲು ಆದಂತೆ. ಜೊತೆಗೆ ‘ಡೇಟಾಟೈಪ್ ಕಂಪ್ಯಾಟಿಬಿಲಿಟಿ’ಯನ್ನು 80 ಎಂದು ಸೇರಿಸಬೇಕು. ಇಲ್ಲವಾದರೆ ಮುಂದೆ ಯಾರಾದರೂ ಹೊಸ ಬಗೆಯ ಕಾಲಂ ಸೇರಿಸಿದಾಗ ತಂತ್ರಾಂಶ ದತ್ತಾಂಶ ಓದಲು ಬಳಸುವ ಹಳೆಯ ಎಡಿಒ ಲೈಬ್ರರಿ ಅದನ್ನು ಅರ್ಥಮಾಡಿಕೊಳ್ಳಲಾರದೆ ತಡವರಿಸುತ್ತದೆ. ಪ್ರೊವೈಡರ್‌ನ 19ನೇ ಆವೃತ್ತಿಯೂ ಸಂಪರ್ಕದ ಇನ್ನೊಂದು ದಾರಿಯಾದ ಓಡಿಬಿಸಿ ಡ್ರೈವರ್ 18 ಕೂಡ ಎನ್‌ಕ್ರಿಪ್ಶನ್ ಕಡ್ಡಾಯವೆಂದೇ ಭಾವಿಸಿ ಸರ್ವರ್‌ನ ಗುರುತಿನ ಸರ್ಟಿಫಿಕೇಟ್ ಪರಿಶೀಲಿಸುತ್ತವೆ. ಸರಿಯಾದ ಸರ್ಟಿಫಿಕೇಟ್ ಹಾಕುವವರೆಗೆ ಪ್ರೊವೈಡರ್‌ನ 18ನೇ ಆವೃತ್ತಿ ಅಥವಾ ಓಡಿಬಿಸಿ 17 ಬಳಸುವುದು ಜಾಣತನ.

ಸ್ಟ್ರಿಂಗ್ ಪ್ರೋಗ್ರಾಮಿನೊಳಗೇ ಅಚ್ಚಾಗಿದ್ದರೆ ದಾರಿ ಕಿರಿದು. ಆಗ ತಂತ್ರಾಂಶವನ್ನೂ ಟಿಎಲ್‌ಎಸ್ 1.0 ತೆರೆದಿರುವ ಸರ್ವರನ್ನೂ ಜಾಲದ ಪ್ರತ್ಯೇಕ ಭಾಗದಲ್ಲಿಟ್ಟು, ಬಳಕೆದಾರರು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅಲ್ಲಿಗೆ ಹೋಗುವ ವ್ಯವಸ್ಥೆ ಮಾಡಬಹುದು. ಇದನ್ನು ತಾತ್ಕಾಲಿಕ ಏರ್ಪಾಡು ಎಂದು ದಿನಾಂಕ ಸಹಿತ ಬರೆದಿಡಿ. ಬರೆದಿಡದ ತಾತ್ಕಾಲಿಕ ಏರ್ಪಾಡುಗಳು ಎಷ್ಟು ವರ್ಷ ಬಾಳುತ್ತವೆ ಎಂಬುದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತು.

ಪ್ರಶ್ನೆ: ಕಂಟ್ರೋಲ್ ಪ್ಯಾನೆಲ್‌ನಿಂದ ಓಡಿಬಿಸಿ ಡಿಎಸ್‌ಎನ್ (ಹೆಸರು ಕೊಟ್ಟು ಉಳಿಸಿದ ಸಂಪರ್ಕದ ವಿವರ) ಮಾಡಿದ್ದೇನೆ, ಟೆಸ್ಟ್ ಕೂಡ ಯಶಸ್ವಿಯಾಗಿದೆ. ಆದರೂ ತಂತ್ರಾಂಶ ಡಿಎಸ್‌ಎನ್ ಸಿಗಲಿಲ್ಲ ಎನ್ನುತ್ತದೆ.

ಉತ್ತರ: 64 ಬಿಟ್ ವಿಂಡೋಸ್‌ನಲ್ಲಿ ಓಡಿಬಿಸಿ ಅಡ್ಮಿನಿಸ್ಟ್ರೇಟರ್ ಎರಡಿವೆ. ನಿಮ್ಮ ತಂತ್ರಾಂಶ 32 ಬಿಟ್ಟಿನದು. ಸಿಸ್ಟಂ ಡಿಎಸ್‌ಎನ್‌ಗಳ ಪೈಕಿ ಅದಕ್ಕೆ ಕಾಣುವುದು 32 ಬಿಟ್ ಅಡ್ಮಿನಿಸ್ಟ್ರೇಟರ್‌ನಲ್ಲಿ ಮಾಡಿದವು ಮಾತ್ರ. ಗೊಂದಲವೆಂದರೆ ಎರಡರ ಫೈಲಿನ ಹೆಸರೂ ಓಡಿಬಿಸಿಎಡಿ32 ಎಂದೇ ಇದೆ, 64 ಬಿಟ್ಟಿನದು ಸಿಸ್ಟಂ32 ಫೋಲ್ಡರ್‌ನಲ್ಲಿಯೂ 32 ಬಿಟ್ಟಿನದು ಸಿಸ್‌ವಾವ್64 ಫೋಲ್ಡರ್‌ನಲ್ಲಿಯೂ ಇವೆ. ಹೆಸರು ನೋಡಿ ಮೋಸಹೋಗದೆ ಎರಡನೆಯದನ್ನು ತೆರೆಯಿರಿ.

ಪ್ರಶ್ನೆ: ವರ್ಗಾವಣೆಯ ನಂತರ ಕೆಲವು ವರದಿಗಳಲ್ಲಿ ಖಾತೆಗಳು ಅಕಾರಾದಿಯಾಗಿ ಬರುತ್ತಿಲ್ಲ. ಯಾವ ಕೋಡನ್ನೂ ನಾವು ಮುಟ್ಟಿಲ್ಲ.

ಉತ್ತರ: ವರದಿಗೆ ಆಧಾರವಾದ ವ್ಯೂನಲ್ಲಿ (ಹೆಸರು ಕೊಟ್ಟು ಉಳಿಸಿಟ್ಟ ಕ್ವೆರಿ) ಟಾಪ್ 100 ಪರ್ಸೆಂಟ್ (ಎಲ್ಲ ಸಾಲುಗಳೂ) ಎಂದು ಬರೆದು ಆರ್ಡರ್ ಬೈ (ಅನುಕ್ರಮದ ಆಜ್ಞೆ) ಹಾಕಿರಬೇಕು. 2000ದಲ್ಲಿ ಆ ಉಪಾಯ ನಡೆಯುತ್ತಿತ್ತು, 2005ರಿಂದ ಈಚೆಗೆ ಸರ್ವರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವ್ಯೂವನ್ನು ಕರೆಯುವ ಕ್ವೆರಿಯಲ್ಲಿಯೇ ಆರ್ಡರ್ ಬೈ ಬರೆಯಬೇಕು.

ಪ್ರಶ್ನೆ: ರಿಸ್ಟೋರ್ ಆದ ಡೇಟಾಬೇಸಿನಲ್ಲಿ ಬಳಕೆದಾರರ ಹೆಸರುಗಳಿವೆ, ಆದರೆ ಯಾರಿಗೂ ಒಳಗೆ ಹೋಗಲು ಆಗುತ್ತಿಲ್ಲ. ಹೊಸದಾಗಿ ಲಾಗಿನ್ ಸೃಷ್ಟಿಸಿದರೂ ಅದೇ ಕಥೆ.

ಉತ್ತರ: ಬಳಕೆದಾರರು ಡೇಟಾಬೇಸಿನ ಜೊತೆ ಬರುತ್ತಾರೆ, ಲಾಗಿನ್‌ಗಳು (ಸರ್ವರ್ ಪ್ರವೇಶದ ಖಾತೆಗಳು) ಹಳೆಯ ಸರ್ವರ್‌ನ ಮಾಸ್ಟರ್ ಡೇಟಾಬೇಸಿನಲ್ಲಿ ಹಿಂದೆಯೇ ಉಳಿಯುತ್ತವೆ. ಅದೇ ಹೆಸರಿನ ಲಾಗಿನ್ ಹೊಸದಾಗಿ ಮಾಡಿದರೆ ಅದರ ಎಸ್‌ಐಡಿ (ಒಳಗಿನ ಗುರುತಿನ ಸಂಖ್ಯೆ) ಬೇರೆಯಾಗಿರುವುದರಿಂದ ಎರಡಕ್ಕೂ ನಂಟು ಬೆಸೆಯುವುದಿಲ್ಲ. ಕೆಲವೇ ಹೆಸರುಗಳಿದ್ದರೆ ಆಲ್ಟರ್ ಯೂಸರ್ ಆಜ್ಞೆಯ ವಿತ್ ಲಾಗಿನ್ ಆಯ್ಕೆಯಿಂದ ಒಂದೊಂದನ್ನೇ ಜೋಡಿಸಿ. ಹೆಚ್ಚಿದ್ದರೆ ಎಸ್‌ಐಡಿ ಮತ್ತು ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಗೂಢ ರೂಪ) ಸಹಿತ ವರ್ಗಾಯಿಸಲು ಮೈಕ್ರೋಸಾಫ್ಟ್ ಕೊಟ್ಟಿರುವ ಎಸ್‌ಪಿ_ಹೆಲ್ಪ್_ರೆವ್‌ಲಾಗಿನ್ ಸ್ಕ್ರಿಪ್ಟ್ ಬಳಸಿ. ನಿಗದಿತ ಸಮಯಕ್ಕೆ ಓಡುವ ಜಾಬ್‌ಗಳು ಎಂಎಸ್‌ಡಿಬಿ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಇರುವುದರಿಂದ ಅವೂ ಬಂದಿರುವುದಿಲ್ಲ. ದತ್ತಾಂಶ ಸಾಗಿಸುವ ಹಳೆಯ ಡಿಟಿಎಸ್ ಪ್ಯಾಕೇಜುಗಳಿದ್ದರೆ ಅವನ್ನು ಹೊಸದಾಗಿಯೇ ಬರೆಯಬೇಕು, ಏಕೆಂದರೆ 2012ರಿಂದ ಅವುಗಳಿಗೆ ಬೆಂಬಲವಿಲ್ಲ.

ಪ್ರಶ್ನೆ: ಹೊಸ ಸರ್ವರ್‌ನಲ್ಲಿ ಏನಾದರೂ ಎಡವಟ್ಟಾದರೆ ಹಳೆಯದಕ್ಕೆ ಮರಳಬಹುದೇ? ಎಲ್ಲ ಕಂಪ್ಯೂಟರುಗಳಲ್ಲಿಯೂ ಸರ್ವರ್ ಹೆಸರು ಬದಲಿಸಬೇಕೇ?

ಉತ್ತರ: ಬ್ಯಾಕಪ್ ಮೂಲಕ ಮರಳುವಂತಿಲ್ಲ. ಹೊಸ ಆವೃತ್ತಿಯ ಬ್ಯಾಕಪ್ಪನ್ನು ಹಳೆಯ ಆವೃತ್ತಿ ಯಾವತ್ತೂ ಓದುವುದಿಲ್ಲ. ಹೊಸ ಸರ್ವರ್‌ನಲ್ಲಿ ಮೊದಲ ನಿಜವಾದ ಬಿಲ್ ದಾಖಲಾದ ಕ್ಷಣದಿಂದ ಹಿಂತಿರುಗುವುದೆಂದರೆ ಆ ನಂತರದ ನಮೂದುಗಳನ್ನು ಮತ್ತೆ ಕೈಯಾರೆ ತುಂಬುವುದು ಎಂದೇ ಅರ್ಥ. ಹಾಗಾಗಿ ಇಂತಿಷ್ಟು ಗಂಟೆಯೊಳಗೆ ಇಂಥ ಪರೀಕ್ಷೆಗಳು ಪಾಸಾಗದಿದ್ದರೆ ಹಿಂದಕ್ಕೆ ಹೋಗುತ್ತೇವೆ ಎಂಬುದನ್ನು ಮುಂಚೆಯೇ ತೀರ್ಮಾನಿಸಿ, ಅಲ್ಲಿಯವರೆಗೆ ಬಳಕೆದಾರರನ್ನು ಒಳಗೆ ಬಿಡಬೇಡಿ.

ಹೆಸರಿನ ವಿಷಯಕ್ಕೆ ಬಂದರೆ, ಪ್ರತಿ ಕಂಪ್ಯೂಟರಿಗೂ ಓಡಾಡುವ ಅಗತ್ಯವಿಲ್ಲ. ಹಳೆಯ ಸರ್ವರ್‌ಗೆ ಬೇರೆ ಹೆಸರು ಕೊಟ್ಟು, ಅದರ ಮೊದಲಿನ ಹೆಸರು ಹೊಸ ಸರ್ವರನ್ನು ತೋರಿಸುವಂತೆ ಡಿಎನ್‌ಎಸ್‌ನಲ್ಲಿ (ಹೆಸರನ್ನು ವಿಳಾಸಕ್ಕೆ ಹೊಂದಿಸುವ ವ್ಯವಸ್ಥೆ) ಬದಲಿಸಿದರೆ ಬಹುತೇಕ ಕ್ಲೈಂಟ್‌ಗಳು ವ್ಯತ್ಯಾಸವನ್ನೇ ಅರಿಯವು. ಹೊಸದು ಎಸ್‌ಕ್ಯೂಎಲ್ ಸರ್ವರ್‌ನ ರೂಢಿಯ ಸಂಪರ್ಕದ್ವಾರವಾದ 1433ನೇ ಪೋರ್ಟಿನಲ್ಲಿ ಕಿವಿಗೊಟ್ಟಿರುವಂತೆ ನೋಡಿಕೊಳ್ಳಿ. ಹಳೆಯ ಸರ್ವರನ್ನು ಕೂಡಲೇ ನಿಲ್ಲಿಸಬೇಡಿ. ಅದರಲ್ಲಿರುವ ಡೇಟಾಬೇಸನ್ನು ರೀಡ್ ಓನ್ಲಿ ಮಾಡಿ ಒಂದು ವರ್ಷಾಂತ್ಯ ದಾಟುವವರೆಗೆ ಇಟ್ಟುಕೊಳ್ಳಿ. ಐಪಿ ವಿಳಾಸವನ್ನೇ ನೇರವಾಗಿ ಬರೆದುಕೊಂಡಿರುವ ಯಾವುದೋ ಮೂಲೆಯ ಕಂಪ್ಯೂಟರ್ ಅದಕ್ಕೆ ಬರೆಯಲು ಹೋದರೆ ಆ ಕ್ಷಣವೇ ದೋಷಸಂದೇಶ ಬರುತ್ತದೆ, ಬಳಕೆದಾರರು ದೂರು ಕೊಡುತ್ತಾರೆ. ಓದಲು ಮಾತ್ರ ಬರುವ ಎಕ್ಸೆಲ್ ಹಾಳೆಗಳು ಹೀಗೆ ದೂರು ಕೊಡದೆ ಹಳೆಯ ಅಂಕಿಗಳನ್ನೇ ತೋರಿಸುತ್ತ ಹೋಗುತ್ತವೆ. ಆದ್ದರಿಂದ ಯಶಸ್ವಿಯಾದ ಲಾಗಿನ್‌ಗಳನ್ನೂ ದಾಖಲಿಸುವಂತೆ ಹಳೆಯ ಸರ್ವರ್‌ನ ಆಡಿಟ್ ಮಟ್ಟವನ್ನು ಹೆಚ್ಚಿಸಿ, ಯಾರು ಬರುತ್ತಿದ್ದಾರೆಂದು ವಾರಕ್ಕೊಮ್ಮೆ ಲಾಗ್ ತೆರೆದು ನೋಡಿ.