ಆ ಅನಿಲವನ್ನು ಒಯ್ದವರು ಯಾರು?

ನಮಸ್ಕಾರ.

'ಗ್ಯಾಲಕ್ಸಿಗಳು ಏಕೆ ಸಾಯುತ್ತವೆ?', ಅಂದರೆ ಅವುಗಳಲ್ಲಿ ಹೊಸ ನಕ್ಷತ್ರ ಹುಟ್ಟುವುದು ಏಕೆ ನಿಲ್ಲುತ್ತದೆ ಎಂಬ ನಿಮ್ಮ ಲೇಖನ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದು ಕೆಲಸದಿಂದ ಅಲ್ಲ, ಸಿಟ್ಟಿನಿಂದ. ಓದಿದ ದಿನವೇ ಬರೆದಿದ್ದರೆ ನೀವು ನಮಗೆ ಮತ್ತೇನೂ ಕಳಿಸುತ್ತಿರಲಿಲ್ಲ.

ಹೇಳಲೇಬೇಕಾದ ಒಳ್ಳೆಯ ಮಾತು ಮೊದಲು ಹೇಳಿಬಿಡುತ್ತೇನೆ. ಓದಿಕೊಂಡೇ ಬರೆದಿದ್ದೀರಿ, ಅದು ಗೊತ್ತಾಗುತ್ತದೆ. ಆಕಾಶಗಂಗೆ ಈಗಲೂ ವರ್ಷಕ್ಕೆ ಒಂದೆರಡು ಸೂರ್ಯರ ತೂಕದಷ್ಟು ನಕ್ಷತ್ರಗಳನ್ನು 'ಹೆರುತ್ತಿದೆ' ಅಂದಿದ್ದೀರಲ್ಲ, ಆ ಒಂದು ಪದ ಇಷ್ಟವಾಯಿತು. ಇಷ್ಟು ಸಾಕು. ಈಗ ನಾಲ್ಕನೇ ಪ್ಯಾರಾಕ್ಕೆ ಬರೋಣ. ನನ್ನ ತಕರಾರೆಲ್ಲ ಅಲ್ಲೇ ಇದೆ. ಮೊದಲ ಸಾಲು:

"ದಟ್ಟ ಪರಿಸರದಲ್ಲಿ ಗ್ಯಾಲಕ್ಸಿಗಳ ಅನಿಲವು ತೆಗೆದುಹಾಕಲ್ಪಡುತ್ತದೆ."

ಯಾರಿಂದ?

'ಹಾಲು ಬೆಕ್ಕಿನಿಂದ ಕುಡಿಯಲ್ಪಟ್ಟಿತು' ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಅಂದಿದ್ದಾರಾ? ಬೆಕ್ಕು ಹಾಲು ಕುಡೀತು, ಅಷ್ಟೇ. ನೀವಂತೂ ಬೆಕ್ಕನ್ನೇ ಬಿಟ್ಟು ಬರೀ ಖಾಲಿ ಪಾತ್ರೆ ತೋರಿಸಿದ್ದೀರಿ. ಇದು ಭಾಷೆಯ ತಪ್ಪು ಮಾತ್ರ ಆಗಿದ್ದರೆ ನಾನೇ ತಿದ್ದಿಕೊಂಡು ಸುಮ್ನಿರುತ್ತಿದ್ದೆ. ಆದರೆ ಈ ವಿಷಯದಲ್ಲಿ ಕಥೆ ಇರುವುದೇ 'ಯಾರು' ಅನ್ನುವುದರಲ್ಲಿ. ಒಂದು ಗ್ಯಾಲಕ್ಸಿಯ ಅನಿಲ ನಾಲ್ಕಾರು ದಾರಿಯಲ್ಲಿ ಖಾಲಿಯಾಗಬಹುದು. ತಾನೇ ನಕ್ಷತ್ರ ಮಾಡಿ ಮುಗಿಸಿರಬಹುದು. ಹತ್ತಿರ ಹಾದುಹೋದ ಇನ್ನೊಂದು ಗ್ಯಾಲಕ್ಸಿ ಎಳೆದುಕೊಂಡಿರಬಹುದು. ನಡುವಿನ ಕಪ್ಪುಕುಳಿ ಅದನ್ನು ಕಾಯಿಸಿ ಹೊರಗೆ ದಬ್ಬಿರಬಹುದು. ಗುಚ್ಛದೊಳಗೆ, ಅಂದರೆ ಗುರುತ್ವ ಒಟ್ಟಿಗೆ ಹಿಡಿದಿಟ್ಟ ಗ್ಯಾಲಕ್ಸಿಗಳ ದೊಡ್ಡ ಗುಂಪಿನೊಳಗೆ, ತುಂಬಿರುವ ಬಿಸಿ ಅನಿಲ ಒರೆಸಿ ಹಾಕಿರಬಹುದು. ಇಷ್ಟೂ ಜನರನ್ನು ನೀವು ಒಂದು 'ಲ್ಪಡುತ್ತದೆ' ಹಿಂದೆ ಅಡಗಿಸಿಟ್ಟಿದ್ದೀರಿ.

ಅದೇ ಸಾಲಿನ 'ಪರಿಸರ' ನನಗೆ ಇನ್ನೊಂದು ಮುಳ್ಳು. ಪರಿಸರ ಅಂದ ಕೂಡಲೇ ನಮ್ಮ ಓದುಗರಿಗೆ ಕಾಣುವುದು ಗಿಡ, ಮರ, ಜೂನ್ 5ರ ಶಾಲೆಯ ಭಾಷಣ. ನೀವು ಹೇಳುತ್ತಿರುವುದು ನೆರೆಹೊರೆ. ಯಾರು ಎಷ್ಟು ಹತ್ತಿರ ಇದ್ದಾರೆ, ನಡುವೆ ಏನು ತುಂಬಿದೆ ಅನ್ನುವುದು. ಖಗೋಳ ವಿಜ್ಞಾನಿ ಅಲನ್ ಡ್ರೆಸ್ಲರ್ 1980ರಲ್ಲಿ 55 ಗುಚ್ಛಗಳನ್ನು ಜಾಲಾಡಿ ತೋರಿಸಿದ್ದೂ ಅದನ್ನೇ. ನೆರೆಹೊರೆ ದಟ್ಟವಾದಷ್ಟೂ ಸುರುಳಿ ಗ್ಯಾಲಕ್ಸಿಗಳು ಕಡಿಮೆ, ಮೊಟ್ಟೆಯಾಕಾರದವು ಮತ್ತು ಸುರುಳಿ ಇಲ್ಲದ ತಟ್ಟೆಗಳು ಜಾಸ್ತಿ. 'ನೆರೆಹೊರೆ' ಅಂತಲೇ ಬರೆಯಿರಿ. ವಿಜ್ಞಾನದ ಗೌರವ ಕಡಿಮೆಯಾಗುವುದಿಲ್ಲ.

ಎರಡನೇ ಸಾಲು. ಸಿಟ್ಟು ಬಂದಿದ್ದು ನಿಜವಾಗಿ ಇಲ್ಲಿ.

"ಗುಚ್ಛದೊಳಗೆ ಬೀಸುವ ಬಿರುಗಾಳಿಗೆ ಸಿಕ್ಕಿ ಅನಿಲವು ಧೂಮಕೇತುವಿನ ಬಾಲದಂತೆ ಹಿಂದಕ್ಕೆ ಚಾಚಿಕೊಳ್ಳುತ್ತದೆ."

ಇದೇ ಗುಂಡಿಗೆ ನಾನೂ ಬಿದ್ದವನು. 1986ರಲ್ಲಿ ಹ್ಯಾಲಿ ಧೂಮಕೇತು ಬಂದಿತ್ತು. ನಾನಾಗ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಹುಡುಗ. ಕಾಡಿ ಬೇಡಿ ಅರ್ಧ ಪುಟ ಗಿಟ್ಟಿಸಿಕೊಂಡು, ರಾತ್ರಿಯೆಲ್ಲ ಕೂತು ಬರೆದೆ. 'ಧೂಮಕೇತು ತನ್ನ ಉದ್ದನೆಯ ಬಾಲವನ್ನು ಹಿಂದೆ ಎಳೆದುಕೊಂಡು ಓಡುತ್ತದೆ' ಎಂಬ ಸಾಲಿನ ಬಗ್ಗೆ ನನಗೆ ಭಾರಿ ಹೆಮ್ಮೆ. ಬೆಳಗ್ಗೆ ಹಾಳೆ ವಾಪಸ್ ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ: "ತಳ್ಳಿದ್ದು ಯಾರು?"

ಒಳಗೆ ಹೋದೆ. ನಮ್ಮ ಸಂಪಾದಕರು ತಲೆ ಎತ್ತಲಿಲ್ಲ. "ಓಡುವಾಗ ಹಿಂದೆ ಬೀಳುತ್ತಲ್ಲ ಸಾರ್, ಹೊಗೆಬಂಡಿಯ ಹೊಗೆ ಥರ" ಅಂದೆ. "ಹೊಗೆಬಂಡಿ ಗಾಳಿಯೊಳಗೆ ಓಡುತ್ತಪ್ಪಾ. ಅಲ್ಲಿ ಗಾಳಿ ಎಲ್ಲಿದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಲೈಬ್ರರಿಗೆ ಅಟ್ಟಿದರು. ಸಂಜೆ ಹೊತ್ತಿಗೆ ತಿಳಿಯಿತು. ತಳ್ಳುವವನು ಸೂರ್ಯ. ಅವನ ಬೆಳಕು ಧೂಳನ್ನು ತಳ್ಳುತ್ತದೆ, ಅವನಿಂದ ಹೊರಡುವ ಕಣಗಳ ಹರಿವು ಅನಿಲವನ್ನು ತಳ್ಳುತ್ತದೆ. ಹಾಗಾಗಿ ಧೂಮಕೇತು ಎತ್ತ ಓಡಿದರೂ ಬಾಲ ಸೂರ್ಯನಿಗೆ ಬೆನ್ನು ಹಾಕಿರುತ್ತದೆ. ಸೂರ್ಯನನ್ನು ಸುತ್ತಿ ವಾಪಸ್ ಹೊರಟಾಗ ಬಾಲವೇ ಮುಂದೆ! ನನ್ನ ಅರ್ಧ ಪುಟ ಆ ವಾರ ಬರಲಿಲ್ಲ. ಆ ಜಾಗದಲ್ಲಿ ಒಂದು ಸೋಪಿನ ಜಾಹೀರಾತು ಬಂತು. ಅದನ್ನು ಇವತ್ತಿಗೂ ಮರೆತಿಲ್ಲ.

ಈಗ ನಿಮ್ಮ ಗ್ಯಾಲಕ್ಸಿಗೆ ಬನ್ನಿ. ಇಲ್ಲಿ ಎಲ್ಲ ತಿರುವುಮುರುವು. ಗುಚ್ಛದೊಳಗಿನ ಅನಿಲ ಹೆಚ್ಚುಕಡಿಮೆ ನಿಂತೇ ಇದೆ. ಓಡುತ್ತಿರುವುದು ಗ್ಯಾಲಕ್ಸಿ. ಎಲೆಯೂ ಅಲುಗದ ಮಧ್ಯಾಹ್ನ ಸ್ಕೂಟರ್‌ನಲ್ಲಿ ಹೊರಟರೆ ಮುಖಕ್ಕೆ ಗಾಳಿ ಹೊಡೆಯುತ್ತೆ ಅಲ್ವಾ, ಹಾಗೆ. ಬಿರುಗಾಳಿ ಎಲ್ಲಿಂದಲೋ ಬೀಸಿ ಬರುವುದಿಲ್ಲ, ಓಡುವವರು ಮಾಡಿಕೊಳ್ಳುತ್ತಾರೆ. ನನ್ನ ಹೊಗೆಬಂಡಿ ಧೂಮಕೇತುವಿಗೆ ತಪ್ಪಾಗಿತ್ತು, ನಿಮ್ಮ ಗ್ಯಾಲಕ್ಸಿಗೆ ಚೆನ್ನಾಗಿ ಹೊಂದುತ್ತದೆ. ಬೇಕಾದರೆ ತಗೊಳ್ಳಿ.

ಗುಚ್ಛದ ಅನಿಲ ಎಷ್ಟು ತೆಳು ಅಂತಲೂ ನೀವು ಹೇಳಿಲ್ಲ. ಒಂದು ಘನ ಮೀಟರಿನಲ್ಲಿ ಸಾವಿರದ ಆಸುಪಾಸು ಕಣ. ಭೂಮಿಯ ಮೇಲೆ ಇದನ್ನು 'ಏನೂ ಇಲ್ಲ' ಅನ್ನುತ್ತೇವೆ. ಹಾಗಿದ್ದರೆ ಏಟು ಎಲ್ಲಿಂದ? ವೇಗದಿಂದ. ದೊಡ್ಡ ಗುಚ್ಛದಲ್ಲಿ ಗ್ಯಾಲಕ್ಸಿಗಳು ಸೆಕೆಂಡಿಗೆ ಸಾವಿರ ಕಿಲೋಮೀಟರ್ ಲೆಕ್ಕದಲ್ಲಿ ಓಡುತ್ತವೆ. ಹೆಚ್ಚುಕಡಿಮೆ ಬೆಂಗಳೂರಿಂದ ಮುಂಬೈಗೆ ಒಂದೇ ಸೆಕೆಂಡು. ಖಗೋಳ ವಿಜ್ಞಾನಿಗಳಾದ ಜೇಮ್ಸ್ ಗನ್ ಮತ್ತು ರಿಚರ್ಡ್ ಗಾಟ್ 1972ರಲ್ಲಿ ಇದರ ಲೆಕ್ಕ ಹಾಕಿದರು. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಏಟು ನಾಲ್ಕರಷ್ಟು. ಗ್ಯಾಲಕ್ಸಿಯ ಗುರುತ್ವದ ಹಿಡಿತಕ್ಕಿಂತ ಈ ಏಟು ಜೋರಾದ ಕಡೆ ಅನಿಲ ಕಿತ್ತುಕೊಂಡು ಹೋಗುತ್ತದೆ. ಅಂಚಿನಲ್ಲಿ ಹಿಡಿತ ಸಡಿಲ, ಅಲ್ಲಿಂದಲೇ ಶುರು.

ನಕ್ಷತ್ರಗಳು ಯಾಕೆ ಹೋಗುವುದಿಲ್ಲ? ಓದುಗ ಖಂಡಿತ ಕೇಳುತ್ತಾನೆ, ನೀವು ಉತ್ತರಿಸಿಲ್ಲ. ಕಣದಲ್ಲಿ ರಾಶಿ ತೂರುವುದನ್ನು ನೋಡಿದ್ದೀರಾ? ಗಾಳಿ ಒಂದೇ. ಹೊಟ್ಟು ಹಾರುತ್ತೆ, ಕಾಳು ಕಾಲ ಬುಡದಲ್ಲೇ ಬೀಳುತ್ತೆ. ನಕ್ಷತ್ರ ಅಂದರೆ ಗಟ್ಟಿ ಕಾಳು. ಅದರ ತೂಕಕ್ಕೆ ಹೋಲಿಸಿದರೆ ಗಾಳಿಗೆ ಒಡ್ಡಿದ ಮೈ ಏನೂ ಅಲ್ಲ. ಅನಿಲ ಹರಡಿಕೊಂಡ ಹೊಟ್ಟು. (ಈ ಹೊಟ್ಟೇ ಮುಂದಿನ ಬೆಳೆಯ ಬಿತ್ತನೆ ಬೀಜ ಕೂಡ. ಹೋಲಿಕೆ ಅಲ್ಲಿಗೆ ನಿಲ್ಲಿಸಿ.) ಕನ್ಯಾ ರಾಶಿಯ ದಿಕ್ಕಿನಲ್ಲಿ ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರದ ಗುಚ್ಛದಲ್ಲಿ ಎನ್‌ಜಿಸಿ 4522 ಎಂಬ ಗ್ಯಾಲಕ್ಸಿ ಇದೆ. ಅದರ ನಕ್ಷತ್ರಗಳ ತಟ್ಟೆ ಹೆಚ್ಚುಕಡಿಮೆ ಇದ್ದ ಹಾಗೇ ಇದೆ. ಹೈಡ್ರೋಜನ್ ಮಾತ್ರ ಅಂಚಿನಲ್ಲೆಲ್ಲ ಖಾಲಿ, ಒಂದಿಷ್ಟು ತಟ್ಟೆಯಿಂದ ಎದ್ದು ಒಂದು ಪಕ್ಕಕ್ಕೆ ಸರಿದಿದೆ. ಒಂಟಿಯಾಗಿರುವ ಸುರುಳಿಗಳಲ್ಲಿ ಹೈಡ್ರೋಜನ್ ನಕ್ಷತ್ರಗಳ ಅಂಚನ್ನೂ ದಾಟಿ ದೂರ ಹರಡಿರುತ್ತದೆ. ಈ ಗುಚ್ಛದ ನಡುಮನೆಯಲ್ಲಿ ಅದು ನಕ್ಷತ್ರಗಳ ತಟ್ಟೆಗಿಂತ ಚಿಕ್ಕದು. ಹೈಡ್ರೋಜನ್ ಹೊರಸೂಸುವ 21 ಸೆಂಟಿಮೀಟರ್ ರೇಡಿಯೋ ಅಲೆಯಲ್ಲಿ ನೋಡಿದರೆ ಅಪರಾಧ ನಡೆದ ಜಾಗ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ. ನೀವು 'ಲ್ಪಡುತ್ತದೆ' ಅಂದು ಮುಂದೆ ಹೋಗಿದ್ದೀರಿ!

ಮೂರನೇ ಸಾಲು: "ಹೀಗೆ ಅನಿಲವನ್ನು ಕಳೆದುಕೊಂಡ ಗ್ಯಾಲಕ್ಸಿ ಸತ್ತುಹೋಗುತ್ತದೆ."

'ಹೀಗೆ' ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಎಲ್ಲವೂ ಹೀಗೇ ಸಾಯುವುದಿಲ್ಲ. ಕೆರೆ ಎರಡು ಥರ ಬತ್ತುತ್ತದೆ. ಏರಿ ಒಡೆದರೆ ಒಂದೇ ರಾತ್ರಿ. ನೀರು ತರುವ ಕಾಲುವೆ ಮುಚ್ಚಿದರೆ ನಿಧಾನಕ್ಕೆ. ಇದ್ದದ್ದನ್ನೇ ಬಳಸುತ್ತ ಬಳಸುತ್ತ ತಳ ಕಾಣುತ್ತದೆ. ಗ್ಯಾಲಕ್ಸಿಗೂ ಹೊರಗಿನಿಂದ ಹೊಸ ಅನಿಲ ಬರುತ್ತಿರಬೇಕು. ಆ ಕಾಲುವೆ ಮುಚ್ಚಿಹೋಗಬಹುದು ಅಂತ ಲಾರ್ಸನ್, ಟಿನ್ಸ್ಲೆ ಮತ್ತು ಕಾಲ್ಡ್‌ವೆಲ್ 1980ರಲ್ಲೇ ಬರೆದರು. 2015ರಲ್ಲಿ ಪೆಂಗ್, ಮೈಯೊಲಿನೊ, ಕಾಕ್ರೇನ್ ಇದಕ್ಕೊಂದು ಜಾಣ ಸಾಕ್ಷಿ ಹುಡುಕಿದರು. ಹೊಸ ನೀರು ಬಾರದ ಕೆರೆ ಗಡುಸಾಗುವಂತೆ, ಹೊಸ ಅನಿಲ ಬಾರದ ಗ್ಯಾಲಕ್ಸಿಯ ನಕ್ಷತ್ರಗಳಲ್ಲಿ ಕಬ್ಬಿಣದಂಥ ಭಾರದ ಧಾತುಗಳು ಜಾಸ್ತಿ ಇರಬೇಕು. ಅಳೆದು ನೋಡಿದರೆ ಹಾಗೇ ಇತ್ತು. ಕಾಲುವೆ ಮುಚ್ಚಿದ ಮೇಲೆ ನಕ್ಷತ್ರ ಹುಟ್ಟುವುದು ನಿಲ್ಲಲು ಸುಮಾರು 400 ಕೋಟಿ ವರ್ಷ. ಕಿತ್ತುಕೊಂಡು ಹೋದದ್ದಾದರೆ ಇಷ್ಟು ಕಾಲ ಬೇಕಿಲ್ಲ.

ಕಿತ್ತುಹೋದ ಅನಿಲವೂ ಸುಮ್ನೆ ಹಾಳಾಗುವುದಿಲ್ಲ. ಏಬೆಲ್ 85 ಗುಚ್ಛಕ್ಕೆ ಧುಮುಕುತ್ತಿರುವ ಜೆಒ201 ಎಂಬ ಗ್ಯಾಲಕ್ಸಿಯ ಬಾಲದಲ್ಲೇ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಅವುಗಳ ಅತಿನೇರಳೆ ಬೆಳಕನ್ನು ಹಿಡಿದದ್ದು 2015ರಲ್ಲಿ ಹಾರಿಸಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ. ಅದರ ಅತಿನೇರಳೆ ದೂರದರ್ಶಕ ಕಟ್ಟುವ ಕೆಲಸದ ಮುಂದಾಳು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಬೆಂಗಳೂರಿನಲ್ಲೇ ಕೂತು ಬರೆಯುವ ನೀವು ಇದನ್ನು ಬಿಟ್ಟಿದ್ದು ನನಗೆ ಅರ್ಥವಾಗಲಿಲ್ಲ.

ಉಳಿದ ಆರು ಪ್ಯಾರಾಗಳನ್ನು ಮುಟ್ಟಬೇಡಿ. ನಾಲ್ಕನೆಯದನ್ನು ಮಾತ್ರ ಮತ್ತೆ ಬರೆಯಿರಿ. ಬೇಕಾದರೆ ಎರಡು ಪುಟ ಆಗಲಿ, ಜಾಗ ಕೊಡುತ್ತೇನೆ. ಪ್ರತಿ ಕ್ರಿಯಾಪದದ ಪಕ್ಕ ಪೆನ್ಸಿಲ್‌ನಲ್ಲಿ 'ಯಾರು?' ಅಂತ ಬರೆದುಕೊಳ್ಳಿ. ಕಳಿಸುವ ಮುಂಚೆ ಅಳಿಸಿ. ಮುಂದಿನ ತಿಂಗಳು 10ರೊಳಗೆ ಸಿಕ್ಕಿದರೆ ಆ ಸಂಚಿಕೆಗೇ ಹಾಕಬಹುದು.